ಏಕಾಂತಯ್ಯನವರೂ ವಿಭೂತಿ ಹಚ್ಚಿದ ಫ್ಲಾಪಿಯೂ

ಏಕಾಂತಯ್ಯನವರು ನಮ್ಮ ಪ್ರೆಸ್ಸಿಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ ಕೂರುವುದು. ಕುರ್ಚಿ ಖಾಲಿ ಇಲ್ಲದಿದ್ದರೆ ಕಾಗದದ ರೀಮುಗಳ ಮೇಲೇ ಕೂತುಬಿಡುತ್ತಿದ್ದರು. ಮೊಣಕಾಲುಗಳನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತ, "ಹಾಡಿದ್ದೇ ಹಾಡೋ ಕಿಸಬಾಯಿದಾಸ ಆಗೋಗಿದೀನಿ ಕಣಯ್ಯಾ ಪದ್ಮನಾಭ" ಅನ್ನುತ್ತಿದ್ದರು. ನಾನು ಎದುರಿನ ಹೋಟೆಲಿಗೆ ಕೂಗಿ ಎರಡು ಕಾಫಿ ತರಿಸುತ್ತಿದ್ದೆ. ರಾಜಾಜಿನಗರದಲ್ಲಿ ಪ್ರೆಸ್ಸು ಇಟ್ಟುಕೊಂಡವನಿಗೆ ಕಾಫಿ ಕುಡಿಯಲು ನೆಪವೇನೂ ಬೇಕಿರಲಿಲ್ಲ, ಆದರೂ ಅವರು ಬಂದರೆ ಒಂದು ನೆಪ ಸಿಕ್ಕಂತಾಗುತ್ತಿತ್ತು.

ಅವರು ತಿಪಟೂರಿನ ಕಡೆಯ ಅಯ್ಯನೋರ ಮನೆತನದವರು. ಅಪ್ಪ, ಅಜ್ಜ ಎಲ್ಲ ಮನೆಮನೆಗೆ ಹೋಗಿ ವಿಭೂತಿ ಕೊಟ್ಟು, ಮದುವೆ ಗೃಹಪ್ರವೇಶ ಮಾಡಿಸಿ ಬದುಕಿದವರು. ಇವರಿಗೆ ಅದು ಒಗ್ಗಲಿಲ್ಲ. ಬೆಂಗಳೂರಿಗೆ ಬಂದು ಟೈಪ್‌ರೈಟರ್ ರಿಪೇರಿ ಕಲಿತರು, ಕುರುಬರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದರು, ಅರ್ಧ ಆಯುಸ್ಸನ್ನು ಟೈಪ್‌ರೈಟರುಗಳ ಹೊಟ್ಟೆಯೊಳಗೆ ಎಣ್ಣೆ ಬಿಡುತ್ತ ಕಳೆದರು. ಎಂಬತ್ತೈದರ ಸುಮಾರಿಗೆ ಅವರ ಗಿರಾಕಿಗಳೇ ಒಬ್ಬೊಬ್ಬರಾಗಿ ಕಂಪ್ಯೂಟರ್ ತಂದಿಡತೊಡಗಿದರು. ಇವರೂ ಸಂಜೆಯ ಕ್ಲಾಸಿಗೆ ಸೇರಿ, ಮೊಮ್ಮಕ್ಕಳಾಗುವ ವಯಸ್ಸಿನ ಹುಡುಗರ ಪಕ್ಕ ಬೆಂಚಿನಲ್ಲಿ ಕೂತು ಅದನ್ನೂ ಕಲಿತರು. ಇಷ್ಟಪಟ್ಟು ಕಲಿತದ್ದಲ್ಲ. ಕಲಿಯದೆ ಬೇರೆ ದಾರಿ ಇರಲಿಲ್ಲ.

ರಿಪೇರಿ ಅವರಿಗೆ ಕಷ್ಟವಾಗಿರಲಿಲ್ಲ. ಕಷ್ಟವಾಗಿದ್ದದ್ದು ಹೇಳುವುದು. ಮಾಹಿತಿಯೆಲ್ಲ ಇರುವುದು ಫ್ಲಾಪಿಯಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಬಾಗುವ ಕಪ್ಪು ಚೌಕ, ಅದಕ್ಕೊಂದು ಕಾಗದದ ಚೀಲ. ಅದರ ಒಂದು ಕಡೆ ಸಣ್ಣ ಕಿಂಡಿ, ಕಿಂಡಿಯಲ್ಲಿ ಕಂದು ಬಣ್ಣದ ಹಾಳೆ ಕಾಣುತ್ತದೆ. ಅದನ್ನು ಮುಟ್ಟಬೇಡಿ, ಧೂಳು ಕೂರಿಸಬೇಡಿ, ಚೀಲದಿಂದ ಸುಮ್ಮನೆ ತೆಗೆಯಬೇಡಿ, ಪ್ರತಿಯೊಂದಕ್ಕೂ ಇನ್ನೊಂದು ನಕಲು ಮಾಡಿಟ್ಟುಕೊಳ್ಳಿ, ಆ ನಕಲನ್ನು ಬೇರೆ ಮನೆಯಲ್ಲಿಡಿ. ವಿಜಯನಗರದಿಂದ ಕೆಂಗೇರಿಯವರೆಗೆ ಲೂನಾದ ಮೇಲೆ ಸುತ್ತಿ ಇದನ್ನೇ ಹೇಳಿದರು. ಕೊನೆಗೆ ‘ಕಂಪ್ಯೂಟರ್ ಇಟ್ಟವರಿಗೆ ನಾಲ್ಕು ಮಾತು’ ಎಂದು ಒಂದು ಹಾಳೆ ಬರೆದು ನನ್ನ ಕೈಯಲ್ಲೇ ಅಚ್ಚು ಹಾಕಿಸಿ ಹಂಚಿದರು. ಒಬ್ಬ ಗಿರಾಕಿ ಅದರಲ್ಲಿ ಕಡಲೆಕಾಯಿ ಕಟ್ಟಿ ಅವರಿಗೇ ತಿನ್ನಲು ಕೊಟ್ಟನಂತೆ. ಇನ್ನೊಬ್ಬ, ಪೇಪರಿನಲ್ಲಿ ಕಂಪ್ಯೂಟರ್ ವೈರಸ್ಸಿನ ಸುದ್ದಿ ಓದಿದವನು, "ಅಯ್ನೋರೇ, ನಮ್ಮ ಆಪರೇಟರ್‌ಗೆ ಜ್ವರ. ಮಿಷನ್ನಿಗೂ ತಗುಲ್ಕೊಂಡ್ಬಿಡುತ್ತಾ?" ಎಂದು ಕೇಳಿದನಂತೆ.

ಜನ ತಪ್ಪದೆ ಪಾಲಿಸಿದ ಸಲಹೆ ಒಂದೇ: ಚಪ್ಪಲಿ ಹೊರಗೆ ಬಿಡಿ ಎಂಬುದು. ಅದನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಕಂಪ್ಯೂಟರಿಗೆಂದು ಗಾಜಿನ ಕೋಣೆ, ಪರದೆ, ತಣ್ಣನೆ ಗಾಳಿ, ಬಾಗಿಲಲ್ಲಿ ಸಾಲಾಗಿ ಬಿಟ್ಟ ಚಪ್ಪಲಿ. ಒಳಗಿರುವುದು ದೇವರೋ ಯಂತ್ರವೋ ಎಂದು ಹೊರಗಿನವನಿಗೆ ಅನುಮಾನ ಬರುವಂತಿತ್ತು.

ನಮ್ಮ ಪ್ರೆಸ್ಸಿನ ಪಕ್ಕದ್ದೇ ಚನ್ನವೀರಪ್ಪನ ಅಂಗಡಿ. ದಾವಣಗೆರೆಯಿಂದ ಬಂದು ಪಂಪ್‌ಸೆಟ್ ಬಿಡಿಭಾಗಗಳ ಹೋಲ್‌ಸೇಲ್ ವ್ಯಾಪಾರ ಮಾಡುತ್ತಿದ್ದವನು. ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. ಕೆಳಗೆ ಅಂಗಡಿ, ಹಿಂದೆ ಗೋಡೌನು, ಮೇಲೆ ಮನೆ. ಮನೆಯಲ್ಲಿ ತಾಯಿ ಕಮಲಾಕ್ಷಮ್ಮ. ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಸೀತಾ, ವಿಜಯನಗರದ ಹುಡುಗಿ. ಅಪ್ಪ ಇಲ್ಲ, ತಾಯಿ ಮುನಿತಾಯಮ್ಮನಿಗೆ ಕಣ್ಣು ಮಂಜು, ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಕೆಲಸದಿಂದಲೇ. ಯಾವ ಬುಷ್ಷು, ಯಾವ ವಾಷರ್ರು ಗೋಡೌನಿನ ಯಾವ ಕಪಾಟಿನಲ್ಲಿದೆ, ಯಾವ ಊರಿನ ಅಂಗಡಿಗೆ ಏನು ಹೋಗಬೇಕು, ಎಲ್ಲವನ್ನೂ ಅವಳು ಒಂದೂವರೆ ವರ್ಷ ಕೂತು ಫ್ಲಾಪಿಗಳಿಗೆ ತುಂಬಿಸಿದ್ದಳು. ಏಕಾಂತಯ್ಯನವರ ಮಾತು ಕೇಳಿ ಪ್ರತಿಯೊಂದಕ್ಕೂ ನಕಲು ಮಾಡಿದ್ದಳು ಕೂಡ. ಆದರೆ ನಕಲನ್ನು ಬೇರೆ ಕಡೆ ಇಡಲು ಚನ್ನವೀರಪ್ಪ ಒಪ್ಪಲಿಲ್ಲ. "ಮನಿ ಮ್ಯಾಲೈತಿ, ಅಂಗಡಿ ಕೆಳಗೈತಿ, ಎರಡೂ ಒಂದೇ ಅಲ್ಲೇನ್ರೀ?" ಎಂದ. ಅಸಲು, ನಕಲು ಎರಡೂ ಒಂದೇ ಪೆಟ್ಟಿಗೆಯಲ್ಲಿ ಉಳಿದವು.

ಎಂಬತ್ತೆಂಟರ ಆಯುಧಪೂಜೆ. ಆ ದಿನ ಏಕಾಂತಯ್ಯನವರ ಪಾಡು ನಾಯಿಪಾಡು. ಕಂಪ್ಯೂಟರಿನ ಡಾಕ್ಟರೂ ಇವರೇ, ಹುಟ್ಟಿನಿಂದ ಅಯ್ಯನೋರೂ ಇವರೇ. ಹೀಗಾಗಿ ಎಲ್ಲ ಗಿರಾಕಿಗಳೂ, "ನೀವೇ ಬಂದು ಪೂಜೆ ಮಾಡ್ಕೊಡಿ" ಎನ್ನುತ್ತಿದ್ದರು. ಅಪ್ಪನ ವೃತ್ತಿ ಬೇಡವೆಂದು ಊರು ಬಿಟ್ಟವರಿಗೆ ಅದು ಲೂನಾದ ಹಿಂದೆಯೇ ಓಡಿಬಂದಂತಾಗಿತ್ತು. ಹೋದಲ್ಲೆಲ್ಲ ಊದುಬತ್ತಿಯನ್ನು ದೂರಕ್ಕೆ ಸರಿಸಿ, ಯಂತ್ರದ ಹೊರಮೈಗೆ ಮಾತ್ರ ವಿಭೂತಿ ಮುಟ್ಟಿಸಿ, ಬಾಗಿಲಲ್ಲೇ ಆರತಿ ಎತ್ತಿ, ಬೂದುಗುಂಬಳಕಾಯಿ ಒಡೆಸಿ, ಪುರಿ ಬೆಂಡು ಕಟ್ಟಿಸಿಕೊಂಡು ಮುಂದಿನ ಅಂಗಡಿಗೆ ಹೋಗುವರು. ಕೊನೆಗೆ ಚನ್ನವೀರಪ್ಪನಲ್ಲಿಗೆ ಬಂದಾಗ ಅವರ ಮುಖ ಬಾಡಿಹೋಗಿತ್ತು. ನಾನೂ ಅಲ್ಲಿದ್ದೆ. ಪೂಜೆ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಕಮಲಾಕ್ಷಮ್ಮ ಒಳಗಿನಿಂದ ಕೇಳಿದರು.

"ಅಯ್ನೋರೇ, ಈ ಪೆಟ್ಟಿಗ್ಯಾಗ ಇರೋವಕ್ಕೂ ಪೂಜಿ ಮಾಡಬೌದೇನ್ರೀ?"

"ಮಾಡಿ ತಾಯಿ, ಮಾಡಿ" ಎಂದರು ಏಕಾಂತಯ್ಯನವರು, ತಿರುಗಿಯೂ ನೋಡದೆ.

ಹಬ್ಬ ಕಳೆದು ಅಂಗಡಿ ತೆಗೆದ ದಿನ ಗೋಡೆಯಾಚೆಯಿಂದ ಚನ್ನವೀರಪ್ಪನ ಕೂಗು ನಮ್ಮ ಪ್ರೆಸ್ಸಿನ ಸದ್ದನ್ನೂ ಮೀರಿ ಬಂತು. ಹೋಗಿ ನೋಡಿದರೆ ಕಂಪ್ಯೂಟರ್ ಗರಗರ ಎನ್ನುತ್ತಿದೆ, ಯಾವ ಫ್ಲಾಪಿ ಹಾಕಿದರೂ ಓದುತ್ತಿಲ್ಲ. ನಕಲು ಹಾಕಿದರೆ ಅದೂ ಇಲ್ಲ. ಮೈಸೂರಿನ ಕಡೆಯ ಲಾರಿ ಹೊರಗೆ ನಿಂತಿದೆ, ಯಾವ ಸಾಮಾನು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ.

"ಎಲ್ಲಾ ಅಳಿಸಿ ಹಾಕೀಯಲ್ಲವ್ವ! ಇದರ ಮುಂದ ಕೂತು ಊಟ ಮಾಡ್ತೀಯೇನು? ಏನು ಒತ್ತೀದಿ ಹೇಳು!" ಎಂದು ಚನ್ನವೀರಪ್ಪ ಸೀತಾಳ ಮೇಲೆ ಹಾರಾಡುತ್ತಿದ್ದ.

"ನಾನೇನೂ ಮಾಡಿಲ್ಲ ಸಾರ್. ಹಬ್ಬದ ಹಿಂದಿನ ದಿನ ಎಲ್ಲಾ ಸರಿಯಾಗಿತ್ತು ಸಾರ್."

"ಮತ್ತ ತಾನ ಹಾಳಾತೇನು? ಅಯ್ನೋರು ಬಂದು ನೋಡ್ಲಿ. ನಿಂದೇ ತಪ್ಪು ಅಂತ ಗೊತ್ತಾದ್ರ ನಾಳೆಯಿಂದ ಬರಬ್ಯಾಡ."

ಏಕಾಂತಯ್ಯನವರು ಬಂದರು. ಫ್ಲಾಪಿ ಓದುವ ಡ್ರೈವ್ ಬಿಚ್ಚಿ ಹತ್ತಿಗೆ ಸ್ಪಿರಿಟ್ ಅದ್ದಿ ಒಳಗೆ ಒರೆಸಿದರು. ಹತ್ತಿಯನ್ನು ಹೊರಗೆ ತೆಗೆದವರು ಅದನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಪೆಟ್ಟಿಗೆಯಿಂದ ಒಂದು ಫ್ಲಾಪಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಕಿಂಡಿಯ ಅಂಚಿನಲ್ಲಿ ಬಿಳಿಯ ಪುಡಿ ಅಂಟಿಕೊಂಡಿತ್ತು. ಇನ್ನೊಂದನ್ನು ತೆಗೆದರು, ಅದರಲ್ಲೂ ಹಾಗೇ. ಎದ್ದು, ‘ಒಂದ್ನಿಮಿಷ’ ಎಂದು ಸನ್ನೆ ಮಾಡಿ, ನಮ್ಮ ಪ್ರೆಸ್ಸಿಗೆ ಬಂದು ರೀಮುಗಳ ಮೇಲೆ ಕೂತರು. ನಾನು ಹಿಂದೆಯೇ ಬಂದೆ.

"ವಿಭೂತಿ ಕಣಯ್ಯಾ" ಎಂದರು. "ಎಲ್ಲಾ ಫ್ಲಾಪಿನೂ ಚೀಲದಿಂದ ತೆಗೆದು, ಸರಿಯಾಗಿ ಆ ಕಿಂಡಿ ಮೇಲೇನೇ ಹಚ್ಚವ್ರೆ. ಒಂದೂ ಬಿಟ್ಟಿಲ್ಲ."

"ತೇವ ತಗುಲ್ತು ಅಂತ ಹೇಳ್ಬಿಡಿ" ಎಂದೆ ನಾನು. "ಇಲ್ಲಾಂದ್ರೆ ಕರೆಂಟಿನ ಮೇಲೆ ಹಾಕಿ. ಕರೆಂಟಿನ ಮೇಲೆ ಹಾಕಿದ್ರೆ ಈ ಊರಲ್ಲಿ ಯಾರೂ ಇಲ್ಲ ಅನ್ನಲ್ಲ."

"ಅಂದ್ರೆ ಆ ಮಗು ಮೇಲೆ ಇನ್ನೊಂದು ಮಾತು ಬರುತ್ತೆ. ಆಫ್ ಮಾಡ್ದೆ ಹೋದ್ಲು ಅಂತಾರೆ." ಅವರು ಮುಖ ಒರೆಸಿಕೊಂಡರು. "ನಮ್ಮಜ್ಜ ವಿಭೂತಿ ಕೊಟ್ಟು ಮನೆ ಸಾಕಿದೋರು. ಹಾವು ಕಚ್ಚಿದ್ರೂ ವಿಭೂತಿ, ಮಗು ಹಾಲು ಕುಡೀದಿದ್ರೂ ವಿಭೂತಿ. ಅವರ ಮೊಮ್ಮಗ ನಾನು. ಆ ಮುದುಕಿ ಎದುರಿಗೆ ನಿಂತ್ಕೊಂಡು ವಿಭೂತಿಯಿಂದ ಹಾಳಾಯ್ತು ಅಂತ ಈ ಬಾಯಲ್ಲಿ ಹೆಂಗಯ್ಯಾ ಹೇಳ್ಲಿ? ಅದೂ ಮಾಡಿ ಅಂದೋನು ನಾನೇ."

ಬಾಗಿಲಿನಿಂದ ನೋಡಿದರೆ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಸೀತಾ ತನ್ನ ಬುತ್ತಿಯ ಡಬ್ಬಿಯನ್ನು ಚೀಲಕ್ಕೆ ತುರುಕುತ್ತಿದ್ದಳು. ಏಕಾಂತಯ್ಯನವರು ಅದನ್ನು ನೋಡಿದರು. ಕಾಫಿ ಬಂದಿತ್ತು, ಕುಡಿಯಲಿಲ್ಲ. ಮೊಣಕಾಲು ಒತ್ತಿಕೊಂಡು ಎದ್ದರು.

ಒಳಗೆ ಹೋಗುವ ಹೊತ್ತಿಗೆ ಕಮಲಾಕ್ಷಮ್ಮನೂ ಗಲಾಟೆ ಕೇಳಿ ಕೆಳಗಿಳಿದು ಬಂದಿದ್ದರು. ಇವರನ್ನು ಕಂಡು ಯಾವಾಗಿನಂತೆ ಕೈಮುಗಿದರು. ಏಕಾಂತಯ್ಯನವರು ಅವರ ಮುಖ ನೋಡದೆ ಚನ್ನವೀರಪ್ಪನಿಗೆ ಹೇಳಿದರು.

"ಈ ಹುಡುಗಿ ತಪ್ಪೇನೂ ಇಲ್ಲ. ಫ್ಲಾಪಿ ಒಳಗೆ ವಿಭೂತಿ ಹೋಗಿದೆ. ಅದು ಉಜ್ಜಿ ಉಜ್ಜಿ ಎಲ್ಲಾ ಹಾಳಾಗಿದೆ. ಮನುಷ್ಯರಿಗೆ ಅದು ವಿಭೂತಿ, ಇದಕ್ಕೆ ಧೂಳು. ಪೂಜೆ ಮಾಡಿ ಅಂತ ಅವತ್ತು ಹೇಳಿದೋನು ನಾನು. ಬಯ್ಯೋದಿದ್ರೆ ನನಗೆ ಬಯ್ಯಿ."

ಧೂಳು ಎಂಬ ಮಾತು ಹೇಳುವಾಗ ಅವರಿಗೇ ಕೇಳಿಸದಷ್ಟು ಅವರ ದನಿ ಕುಗ್ಗಿತ್ತು. ಕಮಲಾಕ್ಷಮ್ಮ ಒಂದು ಹೆಜ್ಜೆ ಮುಂದೆ ಬಂದರು.

"ನಾನು ಹಚ್ಚಿದ್ದಕ್ಕೇ ಹಾಳಾತೇನ್ರೀ ಅಯ್ನೋರೇ?" ಎಂದರು. ಕತ್ತಿನಲ್ಲಿದ್ದ ಬೆಳ್ಳಿಯ ಕರಡಿಗೆಯ ಮೇಲೆ ಕೈ ಹೋಗಿತ್ತು. "ದಿನಾ ಲಿಂಗಪೂಜಿ ಮಾಡೂವಾಗ ಕರಡಿಗಿಯಿಂದ ಲಿಂಗ ತೆಗದು ಅಂಗೈ ಮ್ಯಾಲ ಇಟಗೊಂಡು ವಿಭೂತಿ ಹಚ್ಚತೀವಿ. ಕರಡಿಗಿಗೆ ಯಾರರ ಹಚ್ಚತಾರೇನ್ರೀ? ಇದೂ ಹಂಗ ಅನಕೊಂಡೆ. ಚೀಲಕ್ಕ ಹಚ್ಚಿದ್ರ ಪೂಜಿ ಮುಟ್ಟೂದಿಲ್ಲ ಅಂತ, ಒಂದೊಂದಾಗಿ ತೆಗದು, ಅದರ ಮಾರಿ ಕಾಣತಿತ್ತಲ್ಲ ಅಲ್ಲೇ ಹಚ್ಚಿದೆ."

ಅಷ್ಟು ಶ್ರದ್ಧೆಯಿಂದ ಆ ಅಂಗಡಿಯಲ್ಲಿ ಬೇರೆ ಯಾವ ಕೆಲಸವೂ ನಡೆದಿರಲಿಕ್ಕಿಲ್ಲ. ನಗು ಬರಬೇಕಾದ ಮಾತು, ಆದರೆ ನನಗೆ ಬರಲಿಲ್ಲ.

"ನಿಮ್ಮ ತಪ್ಪಲ್ಲ ತಾಯಿ" ಎಂದರು ಏಕಾಂತಯ್ಯನವರು. "ಊರಿಗೆಲ್ಲಾ ಹೇಳ್ಕೊಂಡು ತಿರುಗಿದೆ. ಓನರ್‌ಗೆ ಹೇಳ್ದೆ, ಆಪರೇಟರ್‌ಗೆ ಹೇಳ್ದೆ. ನಿಮಗೆ ಒಂದ್ಸಲವೂ ಹೇಳ್ಲಿಲ್ಲ."

ಮುದುಕಿ ಮಗನ ಕಡೆ ತಿರುಗಿದರು. "ತಪ್ಪು ಮಾಡಿದವರಿಗೆ ನಾಳಿಂದ ಬರಬ್ಯಾಡ ಅಂದೀಯಂತಲ್ಲ. ಈಗ ಹೇಳಪ್ಪ, ನಾನು ಎಲ್ಲಿಗೆ ಹೋಗ್ಲಿ? ದಾವಣಗೆರಿ ಬಸ್ಸು ಹತ್ತಿಸ್ತೀಯೇನು?"

ಚನ್ನವೀರಪ್ಪ ನೆಲ ನೋಡಿಕೊಂಡು, "ಸೀತಾ, ಡಬ್ಬಿ ಒಳಗ ಇಡವ್ವ" ಎಂದ. ಕ್ಷಮಿಸು ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ಇದೇ ಅವನ ಕ್ಷಮಾಪಣೆ ಎಂದು ಅವಳಿಗೂ ತಿಳಿಯಿತು.

ಹೋದದ್ದು ವಾಪಸ್ಸು ಬರಲಿಲ್ಲ. ಏಕಾಂತಯ್ಯನವರು ಏನೇನೋ ಮಾಡಿ ನೋಡಿದರು, ಒಂದು ಫ್ಲಾಪಿಯೂ ಬದುಕಲಿಲ್ಲ. ಸೀತಾ ಮೊದಲಿನಿಂದ ಶುರುಮಾಡಿದಳು. ಕಮಲಾಕ್ಷಮ್ಮ ಗೋಡೌನಿನಲ್ಲಿ ಸ್ಟೂಲು ಹಾಕಿಕೊಂಡು, ಕನ್ನಡಕ ಏರಿಸಿ, ಕಪಾಟುಗಳ ಮೇಲಿನ ಚೀಟಿಗಳನ್ನು ಓದಿ ಓದಿ ಕೂಗುವರು. ಇವಳು ಒಳಗಿಂದ "ಹೂಂ ಅಮ್ಮಾ" ಎನ್ನುತ್ತ ಕುಟ್ಟುವಳು. ಬುಷ್ಷು, ವಾಲ್ವು, ಇಂಪೆಲ್ಲರ್ರು ಎಂದು ಆ ಮುದುಕಿ ಕೂಗುವುದು ಚಳಿಗಾಲ ಪೂರ್ತಿ ನಮ್ಮ ಪ್ರೆಸ್ಸಿಗೆ ಕೇಳುತ್ತಿತ್ತು. ಏಕಾಂತಯ್ಯನವರು ಮಾತ್ರ ಆ ಅಂಗಡಿಗೆ ತಲೆ ತಗ್ಗಿಸಿ ಹೋಗಿ ಬರುತ್ತಿದ್ದರು. "ಆಯಮ್ಮ ಇನ್ನೂ ನನಗೆ ಕೈಮುಗೀತಾರೆ ಕಣಯ್ಯಾ. ನಂಗೇ ತಡ್ಕೊಳಕ್ಕಾಗಲ್ಲ" ಎಂದರು ಒಮ್ಮೆ. ಹಾಳೆ ಮತ್ತೆ ಅಚ್ಚು ಹಾಕೋಣವೇ ಎಂದರೆ ಬೇಡವೆಂದರು. ಹೇಳುವ ಹುಮ್ಮಸ್ಸೇ ಹೋಗಿತ್ತು.

ಮರುವರ್ಷದ ಆಯುಧಪೂಜೆಯ ದಿನವೂ ಅವರು ಅಲ್ಲಿಗೆ ಕೊನೆಗೇ ಬಂದರು, ಇನ್ನಷ್ಟು ಬಳಲಿ. ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದರು, ಒಬ್ಬರೇ ಹೋಗಲು ಧೈರ್ಯವಿಲ್ಲದೆ. ಬಾಗಿಲಲ್ಲಿ ಕಮಲಾಕ್ಷಮ್ಮ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದರು. ಗಾಜಿನ ಕೋಣೆಯೊಳಗೆ ಊದುಬತ್ತಿಯಿಲ್ಲ, ಹೂವಿಲ್ಲ. ಕಂಪ್ಯೂಟರಿಗೆ ಬಟ್ಟೆ ಹೊದಿಸಿತ್ತು.

"ನಕಲು ಎಲ್ಲಾ ಮ್ಯಾಲೆ ನಮ್ಮ ಟ್ರಂಕಿನ್ಯಾಗ ಇಟ್ಟೀನಿ. ಶನಿವಾರ ಶನಿವಾರ ಸೀತಾ ಹೊಸಾವು ಕೊಡ್ತಾಳ. ಒಂದೂ ಕರಡಿಗಿಯಿಂದ ಹೊರಗ ಬಂದಿಲ್ಲ" ಎಂದರು.

ಏಕಾಂತಯ್ಯನವರು ಚಪ್ಪಲಿ ಬಿಟ್ಟರು.

"ಮಿಷನ್ನಿಗೆ ಬ್ಯಾಡ ಅಂತ ನೀವೇ ಹೇಳೀರಿ. ಹಂಗಂತ ತಂದ ವಿಭೂತಿ ಹೊಳ್ಳಿ ಒಯ್ಯಾಕ ಆಗ್ತದೇನ್ರೀ?" ಎನ್ನುತ್ತ ಮುದುಕಿ ಮೊದಲು ಸೀತಾಳನ್ನು ಹತ್ತಿರ ಕರೆದು ಹಣೆಗೆ ಹಚ್ಚಿದರು. ಆಮೇಲೆ ಇವರ ಕಡೆ ತಿರುಗಿ, "ಬಗ್ಗಿರಿ ಅಯ್ನೋರೇ. ವರ್ಷೆಲ್ಲಾ ದುಡಿಯೂದು ನೀವು, ಪೂಜಿ ಮಾತ್ರ ಈ ಮಿಷನ್ನಿಗೆ" ಎಂದರು.

ಅಯ್ಯನೋರು ಊರಿಗೆ ವಿಭೂತಿ ಕೊಡುವವರು. ಅವರ ಹಣೆಗೆ ಗಿರಾಕಿಯ ಮನೆಯ ಮುದುಕಿ ವಿಭೂತಿ ಹಚ್ಚುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಏಕಾಂತಯ್ಯನವರು ಬಗ್ಗಿದರು. ಮೂರು ಬೆರಳು ಹಣೆಯ ಈ ಕಡೆಯಿಂದ ಆ ಕಡೆಗೆ ಹೋಗುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು. ನೆಟ್ಟಗಾದಾಗ ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಅಡಗಿಸುವ ಶಕ್ತಿಯೂ ಅವರಿಗಿದ್ದಂತೆ ಕಾಣಲಿಲ್ಲ.

ಅಲ್ಲಿಂದ ನಮ್ಮ ಪ್ರೆಸ್ಸಿಗೆ ಬಂದು ರೀಮುಗಳ ಮೇಲೆ ಕೂತರು. "ಒಬ್ರಾದ್ರೂ ನನ್ನ ಮಾತು ಕೇಳಿದ್ರು ಕಣಯ್ಯಾ" ಎಂದರು. ಗೋಡೆಗೆ ಒರಗಿ, ಪುರಿಯ ಪೊಟ್ಟಣ ತೊಡೆಯ ಮೇಲಿದ್ದಂತೆಯೇ ನಿದ್ದೆ ಹೋದರು. ಕೆಂಗೇರಿಯ ಗಿರಾಕಿಯೊಬ್ಬ ಅವರನ್ನು ಹುಡುಕಿಕೊಂಡು ಬಂದ. ತನ್ನ ಅಂಗಡಿಯೊಂದು ಬಿಟ್ಟುಹೋಗಿದೆ, ಪೂಜೆ ಬಾಕಿ ಇದೆ, ಅಯ್ನೋರು ಬೇಕು ಎಂದ. ನಾನು ಎಬ್ಬಿಸಲಿಲ್ಲ.