ಮಗ್ಗ ನಿಂತ ದಿನ

ಬೆಟಗೇರಿಯ ನಮ್ಮ ಓಣಿಯಲ್ಲಿ ಅಕ್ಕನಿಗೆ ಕಿವಿ ಕೇಳುವುದಿಲ್ಲ ಎಂಬುದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಪವರ್‌ಲೂಮು ಶುರುವಾದರೆ ಮಗ್ಗದ ಕೋಣೆಯಲ್ಲಿ ಎಲ್ಲರೂ ಕಿವುಡರೇ. ಎಳೆ ಹರಿದರೆ ಅಪ್ಪ ಬೆರಳು ತೋರಿಸುತ್ತಿದ್ದ, ಚಹಾ ಬೇಕಾದರೆ ಬಸಿ ಹಿಡಿದಂತೆ ಕೈ ಮಾಡುತ್ತಿದ್ದ. ಉಳಿದದ್ದನ್ನು ತುಟಿ ನೋಡಿ ತಿಳಿಯಬೇಕು. ಹತ್ತು ಮಾತಿನಲ್ಲಿ ನಾವು ಎರಡಾದರೂ ತಪ್ಪುತ್ತಿದ್ದೆವು, ಅಕ್ಕ ಒಂದನ್ನೂ ಬಿಡುತ್ತಿರಲಿಲ್ಲ.

ಅವಳನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ, ನನ್ನನ್ನು ಸೇರಿಸಿಕೊಂಡರು. ಅವಳಿಗೆ ತಿಳಿಯಲಿ ಎಂದು ನಾನು ಚಿಕ್ಕಂದಿನಿಂದ ತುಟಿ ಬಿಡಿಸಿ ನಿಧಾನವಾಗಿ ಮಾತಾಡಿ ರೂಢಿಯಾಗಿತ್ತು, ಹಾಗಾಗಿ ಭಾಷಣವೆಂದರೆ ನನ್ನನ್ನೇ ಎಬ್ಬಿಸುತ್ತಿದ್ದರು. ಬಹುಮಾನದ ಸ್ಟೀಲ್ ತಾಟುಗಳೆಲ್ಲ ನನಗೆ ಬಂದವು. ಮಾತು ಕಲಿಸಿದವಳು ಅವಳು.

ಲಕ್ಷ್ಮೇಶ್ವರದವರು ನನ್ನನ್ನು ನೋಡಲು ಬರುತ್ತಾರೆ ಎಂದಾಗ ಸೋದರಮಾವ ಬಂದು ಕುಳಿತ.

"ದೊಡ್ಡಾಕೀನ ಒಳಗ ಕುಂಡ್ರಸ್ರಿ. ಗೊತ್ತಾದರ ಇಕಿ ಹೊಟ್ಯಾಗೂ ಹಂಗ ಹುಟ್ಟತಾವಂತ ಹೆದರತಾರ. ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡು ಅಂತಾರ. ನಾವು ಹೇಳೂದು ಒಂದ ಸುಳ್ಳು."

ಅಪ್ಪ ಎದ್ದು ಮಗ್ಗದ ಕೋಣೆಗೆ ಹೋದ. ಅವ್ವ ಅತ್ತಳು, ಆಮೇಲೆ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ ಎಂದು ಬರೆದು ನಾನು ಪಾರಾಗಬಹುದು. ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ಹುಡುಗನ ಫೋಟೋ ನೋಡಿದ್ದೆ, ಮನಸ್ಸಿಗೆ ಬಂದಿದ್ದ.

ಆ ದಿನ ನನಗೆ ಜಡೆ ಹಾಕಿದ್ದು ಅಕ್ಕ. ತಾನೇ ನೇಯ್ದ ಸೀರೆಯನ್ನು ನನಗೆ ಉಡಿಸಿ, ನೆರಿಗೆ ಸರಿಮಾಡಿ, ದೃಷ್ಟಿ ತೆಗೆದಳು. "ನೀ ಒಳಗ ಕುಂಡ್ರವ್ವಾ, ಹೊರಗ ಜಾಗಾ ಸಾಲೂದಿಲ್ಲ" ಎಂದು ಅವ್ವ ಹೇಳಿದಾಗ ನಕ್ಕು ಮಗ್ಗದ ಕೋಣೆಗೆ ಹೋದಳು. ಬಂದವರಿಗೆ ಮಾತು ಕೇಳಲೆಂದು ಮಗ್ಗ ನಿಲ್ಲಿಸಿದ್ದರು. ಮಗ್ಗ ನಿಂತದ್ದೇ ತಡ, ಇಡೀ ಮನೆಯಲ್ಲಿ ಅವಳೊಬ್ಬಳೇ ಕಿವುಡಿಯಾದಳು.

ಹುಡುಗನ ತಾಯಿ ನನ್ನ ಸೆರಗು ಹಿಡಿದು ನೋಡಿದರು. "ಭಾಳ ಛಲೋ ನೇಯ್ದಾರ. ಯಾರವ್ವಾ?"

"ನಮ್ಮ ಅಪ್ಪಾರ್ರಿ."

"ನೀವು ಎಷ್ಟ ಮಂದಿ ಮಕ್ಕಳು?"

"ನಾ ಒಬ್ಬಾಕೀನರಿ."

ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ. ನನಗೆ ಬೇರೆ ಥರ ಮಾತಾಡಲು ಬರುವುದೇ ಇಲ್ಲ. "ಹುಡುಗಿ ಮಾತು ಎಷ್ಟು ಸ್ವಚ್ಛ ಐತಿ" ಎಂದು ಅವರು ಮೆಚ್ಚಿದರು. ತಲೆ ಎತ್ತಿದರೆ, ಅವರ ಬೆನ್ನ ಹಿಂದೆ ಮಗ್ಗದ ಕೋಣೆಯ ಪರದೆ ನಾಲ್ಕು ಬೆರಳಷ್ಟು ಸರಿದಿತ್ತು. ಹುಡುಗ ಹೇಗಿದ್ದಾನೆ ಎಂದು ನೋಡಲು ಬಂದಿದ್ದಳೇನೋ, ಪಾಪ. ಅಕ್ಕ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.

ಮದುವೆಯಲ್ಲಿ ಅವಳು ಅಡುಗೆಯವರ ಜೊತೆಗೇ ಉಳಿದಳು. ಹೊರಗೆ ಬಾ ಎಂದು ನಾವ್ಯಾರೂ ಕರೆಯಲಿಲ್ಲ.

ಊರ ಬಾಯಿಗೆ ಮುಚ್ಚಳವಿಲ್ಲ. ತಿಂಗಳೊಳಗೆ ಸುದ್ದಿ ಅತ್ತೆಗೆ ತಲುಪಿತು. "ಇಷ್ಟಕ್ಕ ಒಡಹುಟ್ಟಿದಾಕೀನ ಇಲ್ಲಂದ್ಯಾ? ನಮ್ಮ ಅತ್ತಿಗೂ ಕಿವಿ ಕೇಳತಿರಲಿಲ್ಲ. ಈ ಮನಿ ನಡಸಿದಾಕಿ ಅಕಿನ" ಎಂದರು. ಅವರು ನನ್ನನ್ನು ತವರಿಗೆ ಅಟ್ಟಿದ್ದರೆ ನನ್ನ ಸುಳ್ಳಿಗೆ ಒಂದು ಕಾರಣವಾದರೂ ಇರುತ್ತಿತ್ತು.

ಪಂಚಮಿಗೆ ತವರಿಗೆ ಹೋದಾಗ ಅತ್ತೆ ಅಕ್ಕನಿಗೆಂದು ಉಂಡಿ ಕಟ್ಟಿಕೊಟ್ಟಿದ್ದರು, ಬರುವಾಗ ಅವಳನ್ನು ಕರೆದುಕೊಂಡು ಬಾ ಎಂದಿದ್ದರು. ಮಗ್ಗ ನಡೆದಿತ್ತು. ಅಕ್ಕನ ಮುಂದೆ ನಿಂತು "ಯಕ್ಕಾ, ತಪ್ಪಾತು" ಎಂದೆ. ಅವಳ ಕಣ್ಣು ಎಳೆಗಳ ಮೇಲಿತ್ತು. ಕೈ ಮುಗಿದೆ. ಮುಗಿದ ಕೈಯನ್ನು ಬಿಡಿಸಿ, ನಾನು ತಂದ ಉಂಡಿಯಲ್ಲೇ ಒಂದನ್ನು ನನ್ನ ಅಂಗೈಯಲ್ಲಿಟ್ಟಳು. ಯಾಕೆ ಸೊರಗಿದ್ದೀ ಎಂದು ಕೈಸನ್ನೆಯಲ್ಲಿ ಕೇಳಿದಳು. ಉತ್ತರ ಹೇಳಲು ನಾನು ಬಾಯಿ ತೆರೆದೊಡನೆ ಮತ್ತೆ ಮಗ್ಗದ ಕಡೆ ಬಗ್ಗಿದಳು.

ಈಗಲೂ ಹಾಗೆಯೇ. ಅವ್ವನ ತುಟಿ ಓದುತ್ತಾಳೆ, ನನ್ನ ಗಂಡನ ತುಟಿ ಓದುತ್ತಾಳೆ. ಮೊನ್ನೆ ನನ್ನ ಮಗಳು ಅವಳೆದುರು ಕುಳಿತು ಶಾಲೆಯ ಸುದ್ದಿ ಹೇಳುತ್ತಿದ್ದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಮಗಳೂ ತುಟಿ ಬಿಡಿಸಿಯೇ ಮಾತಾಡುತ್ತಾಳೆ. ನಾನು ಒಳಗೆ ಹೋಗಿ "ಏನದು?" ಎಂದೆ. ಅಕ್ಕ ಕಣ್ಣು ಕೆಳಗೆ ಮಾಡಿದಳು.

ಚೀಟಿ ಬರೆದುಕೊಡೋಣವೆಂದರೆ ಅವಳಿಗೆ ಅಕ್ಷರ ಬಾರದು. ತಪ್ಪಾತು ಎಂಬ ನನ್ನ ಮಾತು ಅವಳಿಗೆ ಇನ್ನೂ ಮುಟ್ಟಿಲ್ಲ.