ಬಲಮೂಲೆಯ ಹೊಲಿಗೆ

ಅಪ್ಪನಿಗೆ ಮಗಳು ಬೆಲೆ ಕಟ್ಟುವುದಾದರೆ ಹೀಗೆ: ಎತ್ತರ ಐದೂಕಾಲು ಅಡಿ, ತೂಕ ನೆನೆದ ಹಾಸಿಗೆಗಿಂತ ಕಡಿಮೆ, ಬಣ್ಣ ಮಾಸಿದ್ದು, ನೂಲು ಮಾತ್ರ ಗಟ್ಟಿ. ಚೌಕಾಸಿ ಬಾರದು, ಗಿರಾಕಿ ಹೇಳಿದ ಮೊದಲ ಬೆಲೆಗೇ ತಲೆಯಾಡಿಸುವ ದೋಷವುಂಟು. ವಾರಕ್ಕೆ ಆರೇ ದಿನ ನಡೆಯುವ ಯಂತ್ರ. ಏಳನೆಯ ದಿನ ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಹೊರಟರೆ, ರಾಜನೇ ಬಂದು ಹಾಸಿಗೆ ಕೇಳಿದರೂ ಸೂಜಿ ಮುಟ್ಟದು. ಇಂಥ ಮಾಲು ಮಾರುಕಟ್ಟೆಯಲ್ಲಿ ಕಂಡಿದ್ದರೆ ಅವಳು ಎತ್ತಿ ನೋಡಿ ಕೆಳಗಿಟ್ಟು ಮುಂದೆ ಹೋಗುತ್ತಿದ್ದಳು. ಹುಟ್ಟುವಾಗ ಆರಿಸಿಕೊಳ್ಳಲು ಬಿಡುವುದಿಲ್ಲವಲ್ಲ.

ಅವರದು ಹಾಸಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಮಗಳು, ದಿಂಬು, ಬಟ್ಟೆಯ ಥಾನುಗಳು, ವ್ಯಾಪಾರ. ಹಿಂದಿನ ಕೋಣೆಯಲ್ಲಿ ಅಪ್ಪ. ಹಳೆಯ ಹಾಸಿಗೆ ಬಿಚ್ಚಿ, ಗಡ್ಡೆಕಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವನ ಕೆಲಸ. ಹುಬ್ಬು, ಮೀಸೆ, ಬೈಬಲಿನ ಹಾಳೆ, ಎಲ್ಲದರಲ್ಲೂ ಹತ್ತಿಯ ಎಳೆ. ಬೀದಿಯವರು ಇಟ್ಟ ಹೆಸರು ‘ಹತ್ತಿ ಪಾದ್ರಿ’. ಹೊಲಿಗೆ ಶುರುಮಾಡುವ ಮುನ್ನ, ಇದರ ಮೇಲೆ ಮಲಗುವವರಿಗೆ ನಿದ್ದೆ ಕೊಡು ಕರ್ತನೇ ಎಂದು ಮಂಡಿಯೂರಿ ಪ್ರಾರ್ಥಿಸುವನು.

“ಬೇಗ ಮುಗಿಸಪ್ಪಾ, ಜನ ನಿಂತಿದ್ದಾರೆ.”

“ಮಲಗೋರದ್ದು ಮುಗೀಲಿ, ನಿಂತೋರಿಗೂ ಕೇಳ್ತೀನಿ.”

ಹಳೆಯ ಹಾಸಿಗೆಯ ಹೊಟ್ಟೆಯಲ್ಲಿ ಏನೇನೋ ಸಿಗುತ್ತಿತ್ತು: ಬೀಗದ ಕೈ, ಕಾಗದ, ಒಮ್ಮೆ ಮಗುವಿನ ಹಲ್ಲು. ಅಪ್ಪನದೊಂದು ಪದ್ಧತಿ. ಸಿಕ್ಕಿದ್ದನ್ನು ಚಿಂದಿಯಲ್ಲಿ ಕಟ್ಟಿ, ಅದೇ ಹಾಸಿಗೆಯ ತಲೆಯ ಕಡೆ, ಬಲಮೂಲೆಯ ಅಂಚಿನೊಳಗೆ ಹೊಲಿದುಬಿಡುವನು. ಕಾಲಿನ ಕಡೆ ಹೊಲಿಗೆ ಬೇಗ ಸವೆಯುತ್ತದೆ ಎಂಬುದು ಅವನ ಲೆಕ್ಕ. ಯಾರಿಗೂ ಹೇಳುವ ಹಾಗಿಲ್ಲ.

“ಕೊಟ್ಟೋರಿಗೆ ಹೇಳಿದ್ರೆ ಏನಾಗುತ್ತೆ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಹಾಸಿಗೆ ತಂದುಕೊಟ್ಟೋರು ಒಬ್ರು, ಒಳಗೆ ಇಟ್ಟೋರು ಇನ್ನೊಬ್ರು ಇರಬಹುದು ಮಗಳೇ. ಯಾರಿಗೆ ಹೇಳ್ತಿದ್ದೀವಿ ಅನ್ನೋದೇ ನಮಗೆ ಗೊತ್ತಿರಲ್ಲ.”

ಒಂದು ದಿನ ಎರಡು ಬೀದಿ ಆಚೆಯ ಬೇಕರಿಯವನು, ಹೆಂಡತಿ ಊರಲ್ಲಿಲ್ಲದಾಗ, ಹಾಸಿಗೆ ತಂದು ಹಾಕಿದ. ಕಾಲಿನ ಕಡೆಯ ಹತ್ತಿಯಿಂದ ಕೆಂಪು ಹರಳಿನ ಒಂದು ಜೊತೆ ಓಲೆ ಬಿತ್ತು. ಬೇಕರಿಯವನಿಗೆ ಜೂಜಿನ ಚಟ, ಮನೆಯ ಪಾತ್ರೆಗಳೂ ಒಂದೊಂದಾಗಿ ಕಾಲು ಕಿತ್ತಿದ್ದವು ಎಂದು ಬೀದಿಗೆಲ್ಲ ಗೊತ್ತು. ಓಲೆ ತೂಗಿ ನೋಡಲು ಮಗಳ ಕೈ ತುರಿಸಿತು. ಅಪ್ಪ ಇಸಿದುಕೊಂಡು ಎಂದಿನಂತೆ ತಲೆಯ ಕಡೆಯ ಬಲಮೂಲೆಗೇ ಹೊಲಿದ.

ಮುಂದಿನ ವಾರ ವಸತಿಗೃಹದ ಮ್ಯಾನೇಜರು ಅಂಗಡಿಗೆ ಬಂದು ಕೂತಿದ್ದರು. ನಲವತ್ತು ಹಾಸಿಗೆಯ ಆರ್ಡರು. ಸಿಕ್ಕರೆ ಹಿಂದಿನ ಕೋಣೆಗೆ ಸೋರದ ಸೂರು ಹಾಕಿಸಬಹುದು. ಸಿಗದಿದ್ದರೆ ಇನ್ನೊಂದು ಮಳೆಗಾಲ ಹತ್ತಿಯ ಜೊತೆ ಅಪ್ಪನ ಎದೆಯೂ ನೆನೆಯುತ್ತದೆ. ಮಗಳು ಅವರನ್ನು ‘ಆಗಲಿ’ ಎನ್ನುವ ತನಕ ತಂದಿದ್ದಳು. ಅಷ್ಟರಲ್ಲಿ ಕೈಗಾಡಿಯಲ್ಲಿ ಹಾಸಿಗೆ ಹೇರಿಕೊಂಡು ಬೇಕರಿಯವನು ಬಂದ, ಹಿಂದೆಯೇ ಹೆಂಡತಿ.

“ಇದು ನನ್ನ ಹಾಸಿಗೆ ಅಲ್ಲ!” ಎಂದಳು ಆಕೆ. “ಹತ್ತಿ ಬದಲಾಯ್ಸಿದ್ದಾರೆ!” ಮಾತು ಹತ್ತಿಯದು, ಬೆರಳುಗಳು ಮಾತ್ರ ಕಾಲಿನ ಕಡೆಯ ಹೊಲಿಗೆಯನ್ನು ಹಿಚುಕಿ ಹಿಚುಕಿ ನೋಡುತ್ತಿದ್ದವು.

ಮಗಳಿಗೆ ಎಲ್ಲ ಅರ್ಥವಾಯಿತು. ಒಂದೇ ಮಾತು ಸಾಕಿತ್ತು: ನಿಮ್ಮ ಓಲೆ ತಲೆಯ ಕಡೆ ಇದೆ. ಕಳ್ಳತನದ ಅನುಮಾನವೂ ಹೋಗುತ್ತಿತ್ತು, ಆರ್ಡರೂ ಉಳಿಯುತ್ತಿತ್ತು. ಬಾಯಿ ತೆರೆದೇಬಿಟ್ಟಳು. ಒಳಗಿನಿಂದ ಬಂದ ಅಪ್ಪ ಅವಳತ್ತ ನೋಡಿದ. ಗದರುವ ನೋಟವಲ್ಲ, ಬೇಡುವ ನೋಟ.

“ಹತ್ತಿ ನಿಮ್ಮದೇ ತಾಯಿ,” ಎಂದ. “ತಪ್ಪು ಮಾತ್ರ ನನ್ನದು. ಇದ್ದ ಹಾಗೇ ಮಾಡಿಕೊಡಬೇಕಿತ್ತು. ತಲೆ ಕಡೆ ಬಲಮೂಲೆ ಸ್ವಲ್ಪ ಒತ್ತುತ್ತೆ. ಬಿಡುವಾದಾಗ ನೀವೇ ಬಿಚ್ಚಿ ಸರಿ ಮಾಡ್ಕೊಳ್ಳಿ. ಬೇರೆಯವರ ಕೈಗೆ ಕೊಡಬೇಡಿ.”

ಆಕೆಯ ಕೈ ಹಾಸಿಗೆಯುದ್ದಕ್ಕೂ ಸರಿದು ಆ ಮೂಲೆಗೆ ಬಂದು ನಿಂತಿತು. “ಆಯ್ತು ಬಿಡಿ,” ಎಂದಳು ಗಂಡನಿಗೆ. “ಗಲಾಟೆ ಯಾಕೆ? ನಡೀರಿ.”

“ಅದ್ಹೇಗೆ? ತಪ್ಪು ಅಂತ ಅವರೇ ಒಪ್ಪಿದ್ರಲ್ಲ! ಎರಡು ದಿಂಬು ಕೊಡ್ಲಿ!”

ದಿಂಬು ಎರಡು ಹೋದವು. ಮ್ಯಾನೇಜರೂ ಎದ್ದರು. “ನಿಮ್ಮ ತಂದೆ ಒಳ್ಳೆಯವರಮ್ಮಾ. ಆದ್ರೆ ಮೂಲೆ ಒತ್ತೋ ಹಾಸಿಗೆ ನಲವತ್ತು ಹಾಕಿದ್ರೆ, ಬಂದೋರು ನನ್ನ ಕುತ್ತಿಗೆ ಒತ್ತುತ್ತಾರೆ.”

ಅವರು ಮೆಟ್ಟಿಲಿಳಿಯುತ್ತಿದ್ದಂತೆ ಮಗಳು ಅಪ್ಪನ ಮೇಲೆ ಹರಿಹಾಯ್ದಳು. “ಕರ್ತನಿಗೆ ಗೊತ್ತು, ನಿನಗೆ ಗೊತ್ತು, ನನಗೆ ಗೊತ್ತು. ಆ ಮ್ಯಾನೇಜರಿಗೆ ಒಬ್ಬನಿಗೆ ಗೊತ್ತಾದ್ರೆ ಏನು ಗಂಟು ಹೋಗುತ್ತೆ? ಓಡಿ ಹೋಗಿ ಕಿವೀಲಿ ಹೇಳಿ ಬರ್ತೀನಿ.”

“ಅವರು ದಿನಾ ಬ್ರೆಡ್ಡು ತಗೊಳ್ಳೋದು ಯಾರ ಅಂಗಡೀಲಿ?”

ಅವಳು ಹೊಸ್ತಿಲಲ್ಲೇ ನಿಂತಳು. ವ್ಯಾಪಾರ ಬಾರದವನೆಂದು ಅವಳು ತಳ್ಳಿಹಾಕಿದ್ದ ಮನುಷ್ಯ ಎರಡು ಬೀದಿ ಆಚೆಯ ಬೇಕರಿಯ ತನಕ ಲೆಕ್ಕ ಹಾಕಿ ಮುಗಿಸಿದ್ದ.

ಆ ಮಳೆಗಾಲವೂ ಸೂರು ಸೋರಿತು. ಅಪ್ಪ ಕೆಮ್ಮಿಕೊಂಡೇ ಹಿಂಜಿದ. ‘ಹತ್ತಿ ಪಾದ್ರಿಯ ಕೈ ಸಡಿಲವಾಗಿದೆ’ ಎಂಬ ಮಾತು ಹಬ್ಬಿ, ಹಳೆಯ ಗಿರಾಕಿಗಳೂ ಮೂಲೆ ಒತ್ತಿ ನೋಡಿಯೇ ಹಾಸಿಗೆ ಒಯ್ಯತೊಡಗಿದರು. ಅವನು ಪಕ್ಕದಲ್ಲಿ ನಿಂತು “ನೋಡಿ, ಚೆನ್ನಾಗಿ ನೋಡಿ” ಎನ್ನುವನು. ಪದ್ಧತಿಯನ್ನು ಒಂದಿಷ್ಟು ಬದಲಿಸಿದ: ಅಂದಿನಿಂದ ಸಿಕ್ಕಿದ್ದು ಸಿಕ್ಕ ಜಾಗಕ್ಕೇ.

ಆರು ವರ್ಷದ ಮೇಲೆ ಅಪ್ಪ ತೀರಿಕೊಂಡ. ಚರ್ಚಿನಲ್ಲಿ ಮಗಳು ಬಂದವರನ್ನೆಲ್ಲ ಕಣ್ಣಲ್ಲೇ ಎಣಿಸಿದಳು. ಬೇಕರಿಯವನ ಹೆಂಡತಿ ಬಂದಿರಲಿಲ್ಲ. ಬಂದಿದ್ದರೆ ಗಂಡ ಯಾಕೆಂದು ಕೇಳುತ್ತಿದ್ದ. ಈಗ ಆ ಗಂಡಹೆಂಡಿರಿಬ್ಬರೂ ಇಲ್ಲ, ಬೇಕರಿಯೂ ಇಲ್ಲ. ಅದಕ್ಕೇ ಇಷ್ಟು ಹೇಳಿದ್ದು.

ಮಾಲು ಆರಿಸುವುದು, ಬೆಲೆ ಏರಿಸುವುದು, ಸಿಹಿಯಾಗಿ ಇಲ್ಲ ಅನ್ನುವುದು, ಇವೆಲ್ಲ ಮಗಳು ತಾನಾಗಿಯೇ ಕಲಿತಳು. ಗೊತ್ತಿದ್ದೂ, ನಷ್ಟವಾದರೂ, ಇನ್ನೊಬ್ಬರ ಗುಟ್ಟನ್ನು ಕಾಯುವುದು ಮಾತ್ರ ಅಪ್ಪನಿಂದ ಬಂದದ್ದು. ಅದಕ್ಕೆ ಅವಳು ಅವನಿಗೆ ಋಣಿ.