ಬಾಗಿಲ ಅಂಚಿನಲ್ಲಿ ಉಳಿಸಿದ ಹಸಿರು

“ಇದು ನಮ್ಮ ಬಾಗ್ಲೇನಾ?”

ಶಾಂತಕುಮಾರಿಯವರು ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಕೈಯಲ್ಲಿ ರಂಗೋಲಿ ಬಟ್ಟಲು, ಎದುರಿಗೆ ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದ ತಲೆಬಾಗಿಲು. ಇಂದಿರಾನಗರದ ಈ ಅಡ್ಡರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಗಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತ ಅಂಬಣ್ಣನಿಗೆ ಮಾತು ಕೇಳಿಸಿದೆ. ಆದರೆ ಅವರು ತಲೆ ಎತ್ತುವುದಿಲ್ಲ. ಉಪ್ಪು ಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡು, ಮರದ ಎಳೆ ಹೋದ ದಿಕ್ಕಿಗೇ ಒಂದೇ ಸಮನೆ ತಿಕ್ಕುತ್ತಾರೆ.

ಮನೆಯೊಳಗೆ ಯಜಮಾನರಾದ ಯಜ್ಞನಾರಾಯಣರ ಬೆಳಗಿನ ಸ್ತೋತ್ರ ನಡೆದಿದೆ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರಿಂದ ನಿವೃತ್ತರಾದವರು, ಕಂಠ ಇನ್ನೂ ಗಟ್ಟಿ. ಸ್ವಲ್ಪ ಹೊತ್ತು ಕಿವಿಗೊಟ್ಟರೆ ಒಂದು ಸಂಗತಿ ತಿಳಿಯುತ್ತದೆ. ಹೊರಗೆ ತಿಕ್ಕುವ ಸದ್ದು ನಿಂತರೆ ಒಳಗಿನ ಸ್ತೋತ್ರವೂ ನಿಲ್ಲುತ್ತದೆ. ಸದ್ದು ಮತ್ತೆ ಶುರುವಾದರೆ, ಬಿಟ್ಟ ಪದದಿಂದಲೇ ಮುಂದುವರಿಯುತ್ತದೆ. ಇದು ಅಂಬಣ್ಣನಿಗೂ ಗೊತ್ತು. ಕಾಗದ ಬದಲಾಯಿಸುವಾಗೆಲ್ಲ ಅವರು ಒಂದು ಸಲ ಜೋರಾಗಿ ಕೆಮ್ಮುತ್ತಾರೆ. “ಇಲ್ಲೇ ಅದೀನಿ ಅಂತ ಗೊತ್ತಾಗ್ಲಿ ಬಿಡ್ರಿ. ಪಾಪ, ದೇವರ ನಾಮ ಅರ್ಧಕ್ಕ ನಿಲ್ಲಬಾರ್ದು.”

ಹಳೇ ಬಾಗಿಲು, ಕಿಟಕಿ, ಮೆಟ್ಟಿಲ ಕೈಹಿಡಿಗಳ ಬಣ್ಣ ಕಿತ್ತು, ಒಡಕು ತುಂಬಿ, ಪಾಲಿಶ್ ಹಚ್ಚಿ ಮರಕ್ಕೆ ಮರದ ಮುಖವನ್ನೇ ವಾಪಸ್ ಕೊಡುವುದು ಅಂಬಣ್ಣನ ಕೆಲಸ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಎಷ್ಟೋ ಮನೆಗಳ ಬಾಗಿಲು ಅವರ ಕೈಯಲ್ಲಿ ಹಾದುಹೋಗಿವೆ. ಆ ಮನೆಗಳವರಿಗೆ ಅವರ ಹೆಸರು ಬೇಕಾಗಿಲ್ಲ, ‘ಪಾಲಿಶ್‌ನವನು’ ಎಂದರೆ ಮುಗಿಯಿತು. ಬೇಕಾದವರು ರಾಮಮೂರ್ತಿ ನಗರದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಹೇಳಿಡುತ್ತಾರೆ. ಬೂತಿನ ಹಿಂದೆ ಅಂಬಣ್ಣ ಮತ್ತು ಪೀರಮ್ಮ ದಂಪತಿಯ ಬಾಡಿಗೆ ಕೋಣೆ, ಅದರ ಪಕ್ಕಕ್ಕೆ ತಗಡಿನ ಶೆಡ್ಡು.

ಈ ಮನೆಯ ಬಾಗಿಲು ಹೋಗಿದ್ದೂ ಅಲ್ಲಿಗೇ. ಇಲ್ಲಿ ಅದನ್ನು ಮಲಗಿಸಿ ಕೆಲಸ ಮಾಡಲು ಜಾಗವಿಲ್ಲ. ಮಗಳು ಆಶ್ರಿತಾಳನ್ನು ನೋಡಲು ಗಂಡಿನ ಕಡೆಯವರು ಈ ಭಾನುವಾರ ಬರುತ್ತಾರೆ, ಅಷ್ಟರೊಳಗೆ ಆಗಬೇಕು ಎಂದು ಮನೆಯವರೇ ಒಪ್ಪಿ ಟೆಂಪೊ ಹತ್ತಿಸಿದ್ದರು. ಬಾಗಿಲಿನ ಜಾಗಕ್ಕೆ ಒಂದು ಪ್ಲೈವುಡ್ ಹಲಗೆ ಬಂತು. ಹಲಗೆಯ ಜೊತೆಗೇ ಅನುಮಾನವೂ ಬಂತು. ಚಾಕೊಲೇಟ್ ಬಣ್ಣದಲ್ಲಿ ಹೋದ ಬಾಗಿಲು ನಿನ್ನೆ ಸಂಜೆ ಜೇನುತುಪ್ಪದ ಬಣ್ಣದಲ್ಲಿ ವಾಪಸ್ ಬಂದಿದೆ. ಹಲಸೂರಿನ ಹಳೇ ಬಂಗಲೆಯೊಂದನ್ನು ಕೆಡವಿದಾಗ ಆರಿಸಿ ತಂದ ತೇಗ ಅದು ಎಂಬುದು ಮನೆಯವರ ಹೆಮ್ಮೆ. ಕಂಟೋನ್ಮೆಂಟಿನ ಬಂಗಲೆಗಳು ಒಂದೊಂದಾಗಿ ನೆಲಕ್ಕುರುಳುತ್ತಿರುವ ಈ ವರ್ಷಗಳಲ್ಲಿ ಹಳೇ ಬಾಗಿಲುಗಳಿಗೆ ಎಲ್ಲಿಲ್ಲದ ಗಿರಾಕಿ. ಅದಲು ಬದಲಿನ ಕಥೆಗಳಿಗೂ ಬರವಿಲ್ಲ.

ಅಂಬಣ್ಣ ಶಹಾಪುರದ ಕಡೆಯವರು. ತೊಂಬತ್ತರ ದಶಕದ ಮೊದಲಲ್ಲಿ ಹೊರಮಾವಿನಲ್ಲಿ ಇಟ್ಟಿಗೆ ಹೊರಲು ಬಂದವರು, ಕಟ್ಟಿದ ಮನೆಯೊಂದಕ್ಕೆ ಪಾಲಿಶ್ ಹಾಕಲು ಬಂದಿದ್ದ ಶಿವಾಜಿನಗರದ ನಜೀರ್ ಅವರ ಹಿಂದೆ ಹೊರಟುಬಿಟ್ಟರು. ಕೆಲಸದ ಜೊತೆಗೆ ನಂಬದಿರುವುದನ್ನೂ ನಜೀರ್ ಅವರಿಂದಲೇ ಕಲಿತರು. ಅಂಗಡಿಯ ಸ್ಪಿರಿಟ್ಟನ್ನು ಮೂಸಿ ನೋಡದೆ ಕೊಳ್ಳುವುದಿಲ್ಲ. ಮುಂಜಾನೆಯ ಹವೆಯನ್ನೂ ನಂಬುವುದಿಲ್ಲ. ಇಬ್ಬನಿಯಲ್ಲಿ ಪಾಲಿಶ್ ಹಚ್ಚಿದರೆ ಮರದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಏಳುತ್ತದೆ. ಹಾಗಾಗಿ ಬೆಳಗಾದೊಡನೆ ತಿಕ್ಕುವುದು, ಬಿಸಿಲು ಏರಿದ ಮೇಲೆ ಹಚ್ಚುವುದು.

“ಮರಾನೂ ಸುಳ್ಳು ಹೇಳ್ತದ್ರಿ,” ಎನ್ನುತ್ತಾರೆ. “ಮ್ಯಾಲೆ ನೋಡಿದ್ರ ಗಟ್ಟಿ. ಬಣ್ಣ ಕಿತ್ತರ ಒಳಗ ಬರೇ ಒಡಕಿಗೆ ತುಂಬಿದ ಪುಟ್ಟಿ.”

ಮನೆಗಳ ಅನುಮಾನ ಇದಕ್ಕಿಂತ ದೊಡ್ಡದು. ಅಂಬಣ್ಣ ಒಳಗೆ ಬಂದರೆ ಅಡುಗೆಮನೆಯ ಚಿಲಕ ಬೀಳುತ್ತದೆ, ನೀರಿಗೆ ಬೇರೆಯದೇ ಲೋಟ ಹೊರಗಿನ ಕಟ್ಟೆಗೆ ಬರುತ್ತದೆ. ಕಮ್ಮನಹಳ್ಳಿಯ ಒಂದು ಮನೆಯಲ್ಲಂತೂ ಪಾಲಿಶ್ ಹಚ್ಚಬೇಕಾದ ಕಿಟಕಿಯ ಹಲಗೆಯ ಮೇಲೆ ಚಿನ್ನದ ಉಂಗುರವೊಂದು ಒಂಟಿಯಾಗಿ ಕೂತಿತ್ತಂತೆ. ಪರೀಕ್ಷೆ ಎಂದು ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅಂಬಣ್ಣ ಅದನ್ನು ಮುಟ್ಟಲೇ ಇಲ್ಲ, ಸುತ್ತಲೂ ಪಾಲಿಶ್ ಹಚ್ಚಿ ಹೋದರು. ಮಾರನೆಯ ದಿನ ಉಂಗುರ ಎತ್ತಿದಾಗ ಅದರಡಿಯಲ್ಲಿ ಬಿಳಿಯದೊಂದು ದುಂಡು ಗುರುತು. ಮನೆಯಾಕೆ ಕೆಲಸ ಸರಿಯಿಲ್ಲವೆಂದು ಬೈದರಂತೆ. ಇದನ್ನು ಹೇಳುವಾಗ ಪೀರಮ್ಮ ನಗುತ್ತಾರೆ. ಬಾಗಿಲಿನ ಕೆತ್ತನೆಗಳ ಸಂದಿಯ ಬಣ್ಣವನ್ನು ಮೊಳೆಯ ತುದಿಯಿಂದ ಬಿಡಿಸುವುದು ಅವರ ಪಾಲಿನ ಕೆಲಸ. “ಈ ಬಾಗ್ಲು ತಿಕ್ಕಿದಷ್ಟು ನಾ ನನ್ ಮಕ್ಳ ಮೈ ತಿಕ್ಕಿಲ್ರಿ. ಆದ್ರೂ ಇದು ನಮ್ದಂತೂ ಅಲ್ಲ, ಆ ಮನಿಯವ್ರು ತಮ್ದೂ ಅಲ್ಲ ಅಂತಾರಂತ.”

ನಗದೆ ಹೇಳುವ ಕಥೆಯೂ ಒಂದಿದೆ, ಅದು ನಜೀರ್ ಅವರದು. ಹಲಸೂರಿನ ಒಂದು ಮನೆತನ ತಮ್ಮ ಬಾಗಿಲು ಬೀಟೆಯದೆಂದು ಎರಡು ತಲೆಮಾರಿನಿಂದ ಹೇಳಿಕೊಂಡು ಬಂದಿತ್ತು. ನಜೀರ್ ಬಣ್ಣವನ್ನೆಲ್ಲ ಕಿತ್ತಾಗ ಒಳಗಿದ್ದದ್ದು ಹಲಸಿನ ಮರ. ಯಾವ ಕಾಲದಲ್ಲೋ ಯಾರೋ ಕಪ್ಪು ಬಣ್ಣ ಕುಡಿಸಿ, ಅದರ ಮೇಲೆ ಬೇರೆ ಬಣ್ಣ ಬಳಿದಿದ್ದರು. ಮನೆಯವರು ತಮ್ಮ ಅಜ್ಜನ ಮಾತನ್ನು ನಂಬಿದರು, ನಜೀರ್ ಅವರನ್ನು ನಂಬಲಿಲ್ಲ. ಬಾಗಿಲು ಬದಲಾಯಿಸಿದ್ದಾನೆಂದು ದೂರು ಹೋಯಿತು. ಠಾಣೆಯ ಬೆಂಚಿನ ಮೇಲೆ ಇಡೀ ದಿನ ಕೂತು ಬಂದರು ನಜೀರ್. ಅದೇ ಬಾಗಿಲೆಂದು ತೋರಿಸಲು ಅವರ ಬಳಿ ಏನೂ ಉಳಿದಿರಲಿಲ್ಲ, ಒಂದು ಚುಕ್ಕೆ ಬಣ್ಣವನ್ನೂ ಬಿಡದೆ ಅಷ್ಟು ಚೊಕ್ಕಟವಾಗಿ ಕೆಲಸ ಮಾಡಿದ್ದರು. ಆಮೇಲೆ ಆ ಬೀದಿಯಿಂದ ಕರೆ ಬರಲಿಲ್ಲ, ಪಕ್ಕದ ಬೀದಿಯಿಂದಲೂ ಬರಲಿಲ್ಲ. ಈಗ ಶಿವಾಜಿನಗರದಲ್ಲಿ ಮಗಳು ಪರ್ವೀನ್ ಮನೆಯಲ್ಲಿದ್ದಾರೆ. ಬ್ರಷ್ ಮುಟ್ಟುವುದಿಲ್ಲ.

ಅವರು ಅಂಬಣ್ಣನಿಗೆ ಹೇಳಿದ ಮಾತು ಒಂದೇ. “ಬಾಗ್ಲನ್ನ ಪೂರಾ ಬೆತ್ಲೆ ಮಾಡ್ಬೇಡ ಬೇಟಾ. ಮೈ ಮೇಲೆ ಒಂದು ದಾರ ಆದ್ರೂ ಬಿಡು.”

ಅಂದಿನಿಂದ ಅಂಬಣ್ಣ ಪ್ರತಿ ಬಾಗಿಲಿನಲ್ಲೂ ಬೆರಳಗಲದ ಒಂದು ಪಟ್ಟಿ ಹಳೇ ಬಣ್ಣವನ್ನು ಹಾಗೇ ಬಿಡುತ್ತಾರೆ. ಕೀಲು ಕೂರುವ ಕಡೆಯ ಅಂಚಿನಲ್ಲಿ, ಕೆಳಗೆ. ಕೆಲಸ ಮುಗಿಯುವವರೆಗೆ ಅದರ ಮೇಲೆ ಕಾಗದ ಅಂಟಿಸಿರುತ್ತಾರೆ. ಕೇಳದೆ ಯಾರಿಗೂ ತೋರಿಸುವುದಿಲ್ಲ. “ಮೊದಲೇ ತೋರಿಸಿದ್ರ, ಇವ ಯಾಕ ಇಷ್ಟ ತಯಾರಾಗಿ ಬಂದಾನ ಅಂತ ಅದಕ್ಕೂ ಒಂದು ಅನುಮಾನ.”

ಇವತ್ತು ಕೇಳುವ ಹೊತ್ತು ಬೇಗನೆ ಬರುತ್ತದೆ. ಸ್ತೋತ್ರ ಮುಗಿಸಿ ಯಜ್ಞನಾರಾಯಣರು ಹೊರಬರುತ್ತಾರೆ. ಎದುರು ಮನೆಯ ಗೇಟಿನಲ್ಲಿ ಹಾಲಿನ ಪಾತ್ರೆ ಹಿಡಿದವರು ಒಳಗೆ ಹೋಗುವುದನ್ನು ಮರೆತಿದ್ದಾರೆ. ಈ ಸಾಲಿನ ಮನೆಗಳೆಲ್ಲ ಒಂದೇ ಕಾರ್ಖಾನೆಯವರವು. ಇಲ್ಲಿ ಕೆಟ್ಟ ಹೆಸರು ಬಂದರೆ ನಜೀರ್ ಅವರ ಬೀದಿಯ ಕಥೆಯೇ ಇಲ್ಲೂ. ತಿಕ್ಕುವ ಕೈ ನಿಲ್ಲುತ್ತದೆ. ಈ ಸಲ ಕೆಮ್ಮಿಲ್ಲ.

“ನೋಡಪ್ಪಾ, ನೇರವಾಗೇ ಕೇಳ್ತೀನಿ. ನಾವು ಕೊಟ್ಟಿದ್ದು ಇದೇನಾ?”

ಅಂಬಣ್ಣ ಬಾಗಿಲನ್ನು ಪಕ್ಕಕ್ಕೆ ವಾಲಿಸಿ, ಅಂಚಿನ ಕಾಗದ ಸುಲಿಯುತ್ತಾರೆ. ಪಟ್ಟಿಯ ತುದಿಯನ್ನು ಓರೆಯಾಗಿ ಕೆರೆದಿರುವಲ್ಲಿ ಮೂರು ಬಣ್ಣ ಪದರಪದರವಾಗಿ ಕಾಣುತ್ತವೆ. ಮೇಲೆ ಚಾಕೊಲೇಟ್, ನಡುವೆ ಕೆನೆ ಬಣ್ಣ, ಅಡಿಯಲ್ಲಿ ಹಸಿರು.

ಯಜ್ಞನಾರಾಯಣರು ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಾರೆ. ಮೂರು ಬಣ್ಣ ಬಳಿಯುವುದೇನು ದೊಡ್ಡ ವಿದ್ಯೆಯಲ್ಲ, ಶೆಡ್ಡಿನಲ್ಲಿ ಕೂತು ಯಾರು ಬೇಕಾದರೂ ಬಳಿಯಬಹುದು ಎನ್ನುತ್ತಾರೆ. ಮಾತಿನಲ್ಲಿ ಸಿಟ್ಟಿಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವವರ ಶಾಂತಿ. ಅಂಬಣ್ಣನ ಮುಖ ಇಳಿಯುತ್ತದೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಸಾಕ್ಷಿಗೂ ಒಂದು ಅನುಮಾನ ಉಂಟೆಂದು ಅವರಿಗೆ ಹೊಳೆದೇ ಇರಲಿಲ್ಲ.

ಆಗ ಶಾಂತಕುಮಾರಿಯವರು ರಂಗೋಲಿ ಬಟ್ಟಲು ಕೆಳಗಿಟ್ಟು ಹತ್ತಿರ ಬರುತ್ತಾರೆ. ಪಟ್ಟಿಯ ಮೇಲೆ ಬೆರಳಾಡಿಸುತ್ತಾರೆ. ಬೆರಳು ಒಂದು ಕಡೆ ತಡೆಯುತ್ತದೆ. ಬಣ್ಣದಡಿಯಲ್ಲಿ ಮೊಡವೆಯ ಹಾಗೆ ಸಣ್ಣದೊಂದು ಉಬ್ಬು.

ಉಗುರಿನಿಂದ ಮೆಲ್ಲಗೆ ಮೀಟಿದರೆ ಬಣ್ಣದ ಹಕ್ಕಳೆ ಎದ್ದು, ಹಸಿರಿನಲ್ಲಿ ಹೂತುಹೋದ ಒಂದು ಕಾಳು ಕಾಣುತ್ತದೆ. ಅಕ್ಕಿ ಕಾಳು. ಅರಿಸಿನ ಇನ್ನೂ ಪೂರ್ತಿ ಮಾಸಿಲ್ಲ.

“ರೀ, ಅಕ್ಷತೆ ಇದು,” ಎನ್ನುತ್ತಾರೆ ಶಾಂತಕುಮಾರಿ. “ಗೃಹಪ್ರವೇಶದ ದಿನ ಬಣ್ಣ ಒಣಗಿರ್ಲಿಲ್ಲ. ತೆರೆದ ಬಾಗಿಲ ಅಂಚಿಗೆ ಅಕ್ಷತೆ ಅಂಟಿಕೊಳ್ತು ಅಂತ ನಿಮ್ಮಮ್ಮ ಎಲ್ರ ಮುಂದೆ ನನ್ನನ್ನೇ ಬೈದ್ರಲ್ಲ.”

ಯಜ್ಞನಾರಾಯಣರು ಕಾಳನ್ನೂ ಹೆಂಡತಿಯನ್ನೂ ನೋಡುತ್ತಾರೆ. ಅಮ್ಮನ ಬೈಗುಳ ನೆನಪಾಯಿತೆಂದು ಕಾಣುತ್ತದೆ. ಎದುರು ಮನೆಯವರು ಹಾಲಿನ ಪಾತ್ರೆಯೊಡನೆ ಒಳಗೆ ಹೋಗುತ್ತಾರೆ. ಅಂಬಣ್ಣನಿಗೆ ಆ ಕಾಳಿನ ವಿಷಯ ಗೊತ್ತೇ ಇರಲಿಲ್ಲವಂತೆ. ಉಬ್ಬಿದ ಕಡೆ ಕಾಗದ ಆಡಿಸಿದರೆ ಮರ ತಗ್ಗಾಗುತ್ತದೆಂದು ಆ ಜಾಗವನ್ನೇ ಪಟ್ಟಿಗೆ ಆರಿಸಿಕೊಂಡಿದ್ದರು, ಅಷ್ಟೆ.

ಬಿಸಿಲು ಏರುತ್ತದೆ. ಬಟ್ಟೆಯ ಉಂಡೆಯನ್ನು ಪಾಲಿಶ್‌ನಲ್ಲಿ ಅದ್ದಿ ಅಂಬಣ್ಣ ಬಾಗಿಲ ಮೇಲೆ ಉದ್ದುದ್ದ ಕೈ ಆಡಿಸುತ್ತಾರೆ. ಅಡುಗೆಮನೆಯಿಂದ ಕಾಫಿ ಬರುತ್ತದೆ. ಈ ಸಲ ಮನೆಯ ಲೋಟದಲ್ಲೇ, ಹೊಸ್ತಿಲ ಒಳಗೆ. ಲೋಟ ಬದಲಾದದ್ದನ್ನು ಗಮನಿಸಿದ ಅಂಬಣ್ಣ ಅದನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೇ ಬಂದು ಕುಡಿಯುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ಕೀಲಿಗೆ ಕೂತು, ಪ್ಲೈವುಡ್ ಹಲಗೆ ಗೋಡೆಗೆ ಒರಗುತ್ತದೆ. ಯಜ್ಞನಾರಾಯಣರು ಬಾಗಿಲನ್ನು ಪೂರ್ತಿ ಒಳಕ್ಕೆ ತೆರೆದು, ಬೀಗರಾಗಲಿರುವವರ ಹಾಗೆ ಹೊಸ್ತಿಲಾಚೆ ನಿಂತು ನೋಡುತ್ತಾರೆ. ಜೇನುಬಣ್ಣದ ಮರದ ಅಂಚಿನಲ್ಲಿ, ಕೆಳಗೆ, ಆ ಪಟ್ಟಿ ಕಣ್ಣಿಗೆ ಹೊಡೆಯುತ್ತದೆ. ಕಾಳನ್ನು ಬೇಕಾದರೆ ದೇವರ ಮನೆಯಲ್ಲಿ ತೆಗೆದಿಡುತ್ತೇವೆ, ಬಣ್ಣವನ್ನು ಮಾತ್ರ ತಿಕ್ಕಿಬಿಡು, ಗಂಡಿನ ಕಡೆಯವರು ಒಳಗೆ ಬರುವಾಗ ಮೊದಲು ಕಾಣುವುದೇ ಅದು ಎಂದು ಮೃದುವಾಗಿಯೇ ಹೇಳುತ್ತಾರೆ. ಬಾಗಿಲು ತಮ್ಮದೆಂದು ಬೀದಿಯವರೆಲ್ಲರಿಗೂ ತಾವೇ ಹೇಳುತ್ತಾರಂತೆ.

“ಇನ್ನು ಅದರ ಅಗತ್ಯ ಏನಿದೆ ಅಂಬಣ್ಣ? ನಮಗೆ ನಿನ್ನ ಮೇಲೆ ಪೂರ್ತಿ ನಂಬಿಕೆ ಬಂತಲ್ಲ.”

ಬೆಳಗಿನಿಂದ ಮೊದಲ ಸಲ ಆ ಮನೆಯಲ್ಲಿ ಅವರ ಹೆಸರು ಕೇಳಿಸಿದೆ. ಅಂಬಣ್ಣ ಉಪ್ಪು ಕಾಗದದ ಉಳಿದ ಚೂರುಗಳನ್ನು ಮಡಿಸಿ ಚೀಲದೊಳಗೆ ತುರುಕುತ್ತಾರೆ. ಚೀಲದ ಬಾಯಿ ಕಟ್ಟುತ್ತಾರೆ.

“ನಂಬಿಕಿ ಇವತ್ ಬಂದದ ಸಾರ್. ಆ ಪಟ್ಟಿ ಮಾತ್ರ ನಾ ತಗಿಯಂಗಿಲ್ಲ.”